ಖಾಲಿ ಒಲೆಯ ಹೊಗೆ

ಇಂಧನ ಉಳಿಸಿ ಎಂದು ಯಾರಾದರೂ ಮೈಕಿನ ಮುಂದೆ ನಿಂತು ಹೇಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಉಳಿಸಬಾರದು ಅಂತಲ್ಲ. ಉಳಿಸಲೇಬೇಕು. ಆದರೆ ಕಟ್ಟಿಗೆಗಾಗಿ ಗುಡ್ಡ ಸುತ್ತಿದ ಹೆಂಗಸಿಗೆ ಅದನ್ನು ಮೈಕು ಹಿಡಿದು ಕಲಿಸಬೇಕಾಗಿಲ್ಲ. ನನ್ನ ಸಿಟ್ಟಿಗೆ ಕಾರಣ ಬೇರೆ. ಕಲ್ಯಾಣದುರ್ಗದ ನಮ್ಮ ಮನೆಯಲ್ಲಿ ಒಂದು ವರ್ಷದ ಹತ್ತಿರ ಮಧ್ಯಾಹ್ನದ ಅನ್ನ ಬಿಸಿಲಲ್ಲಿ ಬೇಯುತ್ತಿತ್ತು, ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಒಲೆಯೂ ಉರಿಯುತ್ತಿತ್ತು. ಒಲೆಯ ಮೇಲೆ ಪಾತ್ರೆ ಇರಲಿಲ್ಲ. ಒಲೆಯ ಮುಂದೆ ಮಾತ್ರ ನನ್ನ ಅತ್ತೆ ಇರುತ್ತಿದ್ದರು. ಇದನ್ನು ಆ ಮೈಕಿನವರ ಮುಂದೆ ಹೇಳಲು ನನ್ನನ್ನು ಯಾರೂ ಕರೆಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಹಿಂದೂಪುರದ ಮಗ್ಗದ ಮನೆಯಲ್ಲಿ. ನೇಯುವವರ ಮನೆಯಲ್ಲಿ ಬಿಸಿಲಿಗೆ ದೊಡ್ಡ ಮರ್ಯಾದೆ. ಬಣ್ಣ ಹಾಕಿದ ರೇಷ್ಮೆಯನ್ನು ಅಪ್ಪ ಲಾಟೀನಿನ ಬೆಳಕಲ್ಲಿ ಎಂದೂ ಒಪ್ಪಿದವರಲ್ಲ. ಬೆಳಗ್ಗೆ ನೂಲನ್ನು ಬಾಗಿಲಾಚೆ ತಂದು, ಬಿಸಿಲಲ್ಲಿ ಹಿಂದೆ ಮುಂದೆ ತಿರುಗಿಸಿ, ಸೆರಗಿನ ಕೆಂಪು ಅಂಚಿನ ಕೆಂಪು ಒಂದೇ ಎಂದು ಖಾತ್ರಿಯಾದ ಮೇಲೇ ಮಗ್ಗಕ್ಕೆ ಏರಿಸುತ್ತಿದ್ದರು. "ದೀಪ ಸುಳ್ಳು ಹೇಳ್ತದೆ, ಬಿಸ್ಲು ಹೇಳಾಕಿಲ್ಲ ಕಣಮ್ಮ" ಎನ್ನುವುದು ಅವರ ಮಾತು. ಹೀಗೆ ಬಿಸಿಲನ್ನು ನಂಬಿ ಬೆಳೆದ ನಾನು, ಎಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದೆ. ಆ ಊರಲ್ಲಿ ನೀರಿಗೆ ಬರ, ಸೌದೆಗೆ ಬರ, ಬಿಸಿಲಿಗೆ ಮಾತ್ರ ಎಂದೂ ಬರವಿಲ್ಲ.

ಮಾವನಿಗೆ ಕಂಬದೂರು ಕಡೆ ಕಡಲೆಕಾಯಿ ಹೊಲವಿತ್ತು. ಅದನ್ನು ಬೆಳೆಯಲ್ಲಿ ಪಾಲು ಬರುವಂತೆ ಕೋರಿಗೆ ಕೊಟ್ಟು, ತಾವು ಪೇಟೆಯ ಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತು ಊರವರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಳಕು ಹರಿಯುವ ಮುಂಚೆ ಬುತ್ತಿ ಕಟ್ಟಿಕೊಂಡು ಹೋದರೆ ಕತ್ತಲಾದ ಮೇಲೆ ಬರುವುದು. ಎಂಥ ಇಂಜಿನ್ನಾದರೂ ಬಿಚ್ಚುವ ಮನುಷ್ಯ, ಅಪ್ಪನ ಮುಂದೆ ಬಾಯಿ ಬಿಚ್ಚುತ್ತಿರಲಿಲ್ಲ. ಅತ್ತೆ ನಾನು ಬರುವ ಮುಂಚೆಯೇ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ಕಟ್ಟು ಹಾಕಿಸಿ ಮೂಳೆ ಕೂಡಿಕೊಂಡರೂ ತುಂಬಿದ ಪಾತ್ರೆ ಎತ್ತಲು ಆಗುತ್ತಿರಲಿಲ್ಲ. ಅಡುಗೆಯೆಲ್ಲ ನನ್ನದೇ.

ನಾನು ಬಂದು ಒಂದೆರಡು ವರ್ಷವಾಗಿರಬೇಕು, ಜಿಲ್ಲೆಯ ಯಾವುದೋ ಕಚೇರಿಯವರು ಸೋಲಾರ್ ಕುಕ್ಕರ್ ಹಂಚಲು ಬಂದರು. ಊರಲ್ಲಿ ನಾಲ್ಕು ಜನ ಹೋಗಿಬರುವ ಮನೆಯೇ ಬೇಕು, ನೋಡಿದವರು ಕಲಿಯಬೇಕು ಎಂದು ಹುಡುಕಿ, ನೇರವಾಗಿ ಮಾವನ ಕಟ್ಟೆಗೇ ಬಂದರು. ಮಾವ ಉಬ್ಬಿಹೋದರು. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆಲ್ಲ ಕಪ್ಪು ಬಣ್ಣ, ಮೇಲೆ ಜೋಡಿ ಗಾಜಿನ ಮುಚ್ಚಳ, ಅದಕ್ಕೆ ಎತ್ತಿ ನಿಲ್ಲಿಸುವ ಕನ್ನಡಿ, ಅಡುಗೆಗೆ ನಾಲ್ಕು ಕಪ್ಪು ಡಬ್ಬಿ. ಕನ್ನಡಿ ಬಿಸಿಲನ್ನು ಗಾಜಿನೊಳಕ್ಕೆ ತಳ್ಳುತ್ತದೆ, ಒಳಗೆ ಹೋದ ಕಾವು ಹೊರಗೆ ಬರುವುದಿಲ್ಲ, ಅಕ್ಕಿ ಬೇಳೆ ತಾವೇ ಬೇಯುತ್ತವೆ. ಕಟ್ಟಿಗೆ ಬೇಡ, ಸೀಮೆಎಣ್ಣೆ ಬೇಡ, ಊದುಗೊಳವೆ ಬೇಡ. ಮುದ್ದೆ ತಿರುವಲು ಮಾತ್ರ ಆಗುವುದಿಲ್ಲ, ಅದಕ್ಕೆ ಒಲೆಯೇ ಬೇಕು. ನಮ್ಮಲ್ಲಿ ಮುದ್ದೆ ರಾತ್ರಿಗೆ, ಮಧ್ಯಾಹ್ನಕ್ಕೆ ಅನ್ನ. ಹಾಗಾಗಿ ಪೆಟ್ಟಿಗೆ ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮೊದಲ ದಿನವೇ ಎಡವಟ್ಟಾಯಿತು. ಅಂಗಳದಲ್ಲಿ ಪೆಟ್ಟಿಗೆ ಇಟ್ಟು, ಅಕ್ಕಿ ಬೇಳೆ ಹಾಕಿ, ನಾನು ಬಟ್ಟೆ ಒಗೆಯಲು ಹೋದೆ. ಬಂದು ನೋಡಿದರೆ ಅಕ್ಕಿ ನೀರಲ್ಲಿ ಹಾಕಿದಂತೆಯೇ ಇದೆ. ಗಾಜಿನ ಮೇಲೆ ಮಡಿಸಿದ ಒಂದು ಸೀರೆ ಅಚ್ಚುಕಟ್ಟಾಗಿ ಹೊದಿಸಿದೆ. ಬೇಯುವ ಅನ್ನದ ಮೇಲೆ ಬೀದಿಯವರ ಕಣ್ಣು ಬೀಳಬಾರದು, ದೃಷ್ಟಿಯಾಗುತ್ತದೆ ಎಂದು ಅತ್ತೆ ಹೊದಿಸಿದ್ದರು. ಅವರ ಅಡುಗೆಮನೆಗೆ ಕಿಟಕಿಯೂ ಇಲ್ಲದಿದ್ದದ್ದು ಅದೇ ಕಾರಣಕ್ಕೆ. ಬೆಳಕೂ ಗಾಳಿಯೂ ಮಾಳಿಗೆಯ ಒಂದು ಬೆಳಕಿಂಡಿಯಿಂದ, ಹೊಗೆ ಹೋಗುವುದೂ ಅದರಿಂದಲೇ. ನಾನು ನಕ್ಕೆ. ಅತ್ತೆಯೂ ನಕ್ಕರು. ಮಾವ ನಗಲಿಲ್ಲ.

"ಬಿಸ್ಲಲ್ಲಿ ಮಾಡೋದು ಹಪ್ಪಳ ಸಂಡಿಗೆ ಕಣಮ್ಮ, ಅನ್ನ ಅಲ್ಲ" ಅಂದರು. "ಅಗ್ನಿ ಮುಟ್ದಿದ್ದು ಅಡ್ಗೇನಾ? ಯಾರಾದ್ರೂ ಬಂದ್ರೆ ಇದ್ರಾಗೆ ಒಂದಿಷ್ಟು ಕಡ್ಲೇಕಾಯಿ ಬೇಯ್ಸಿ ತೋರ್ಸು. ನನ್ ತಟ್ಟೆಗೆ ಮಾತ್ರ ಇದ್ರದ್ದು ಬರ್ಕೂಡ್ದು."

ಬೆಳಗ್ಗೆ ಎದ್ದು ತಂಬಿಗೆ ನೀರು ಬಿಟ್ಟು ಸೂರ್ಯನಿಗೆ ಕೈ ಮುಗಿಯುತ್ತಿದ್ದ ಮನುಷ್ಯ ಇವರು! ದೇವರೆಂದು ಕೈ ಮುಗಿಯಬಹುದು, ಆ ದೇವರು ಬೇಯಿಸಿದ ಅನ್ನ ಮಾತ್ರ ಆಗದು. ಹೊರಗೆ ಕಟ್ಟೆಯ ಮೇಲೆ ಬಂದವರಿಗೆಲ್ಲ "ಕಾಡು ಉಳೀಬೇಕಪ್ಪ, ಸೂರ್ಯ ಇಟ್ಕಂಡು ಸೌದೆ ಯಾಕೆ ಸುಡ್ತೀರಾ" ಎಂದು ಉಪದೇಶ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದಕ್ಕೆ ನಮ್ಮ ಮನೆಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸ್ವಲ್ಪ ದಿನಕ್ಕೆ ಬೀದಿಯ ಹೋತವೊಂದು ಅಂಗಳಕ್ಕೆ ನುಗ್ಗಿ, ಕನ್ನಡಿಯಲ್ಲಿ ಇನ್ನೊಂದು ಹೋತ ಕಂಡು, ಹಣೆ ಕೊಟ್ಟು ಗುದ್ದಿತು. ಕನ್ನಡಿ ಚೂರಾಯಿತು. ಕಚೇರಿಗೆ ಹೇಳಿಕಳಿಸಿದರೆ ಕುಕ್ಕರ್ ಹಂಚುವುದಷ್ಟೇ ತಮ್ಮ ಕೆಲಸ, ಕನ್ನಡಿ ಕೊಡುವುದಲ್ಲ ಎಂದರು. ಯುಗಾದಿಗೆ ತವರಿಗೆ ಹೋದವಳು, ಹಿಂದೂಪುರದಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಅಳತೆ ಕೊಟ್ಟು ಕನ್ನಡಿ ಕತ್ತರಿಸಿಸಿ, ಹಳೆ ಸೀರೆಯಲ್ಲಿ ಸುತ್ತಿ, ಪೆನುಕೊಂಡದ ದಾರಿಯ ಬಸ್ಸಿನಲ್ಲಿ ಎಳೆಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ. ಗಂಡ ಡಿಪೋದ ಸ್ಕ್ರೂ ಹಾಕಿ ಕೂರಿಸಿಕೊಟ್ಟರು. ಮತ್ತೆ ಒಡೆದೀತು ಎಂದು ಮಾವನೇ ಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ಹಾಕಿಸಿದರು. ಯಾರಾದರೂ ದೊಡ್ಡವರು ಬಂದಾಗ ಇಳಿಸಿದರಾಯಿತು ಎಂದು. ಮಂಡಿನೋವಿನ ಮಾವ ಏಣಿ ಹತ್ತುವವರಲ್ಲ. ಬೀದಿಯ ಕಣ್ಣೂ ಅಲ್ಲಿಗೆ ತಲುಪುವುದಿಲ್ಲ.

ಆಮೇಲೆ ಪಕ್ಕದ ಬೀದಿಯಲ್ಲಿ ಬಾಲವಾಡಿ ಶುರುವಾಯಿತು. ಗಡಿಯ ಊರಾದ್ದರಿಂದ ಹತ್ತನೇ ತರಗತಿ ಓದಿದ, ಕನ್ನಡವೂ ತೆಲುಗೂ ಬರುವ ಹೆಂಗಸು ಬೇಕು ಎಂದು ನನ್ನನ್ನು ಕೇಳಿಕೊಂಡು ಬಂದರು. ಬೆಳಗ್ಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಮುಗಿಯುವ ಕೆಲಸ. ನನಗೆ ಅದು ಎಷ್ಟು ಬೇಕಾಗಿತ್ತು ಎಂದರೆ, ಕೇಳಲು ಬಂದವರಿಗೆ ಕಾಫಿ ಕೊಡುವುದನ್ನೇ ಮರೆತು ನಿಂತುಬಿಟ್ಟೆ. ಓದಿದ್ದು ಒಲೆ ಊದುವುದಕ್ಕಾಯಿತಲ್ಲ ಎಂಬ ಸಂಕಟ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಮಾವ ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೂ ಒಂದು ದಾರಿ ಇತ್ತು ಅವರಿಗೆ. "ಹೋಗ್ಲಿ, ಯಾರು ಬ್ಯಾಡ ಅಂದ್ರು? ಆದ್ರೆ ಮಧ್ಯಾಹ್ನ ನಾನು ಕೈ ತೊಳ್ಕಂಡು ಕೂತಾಗ ಬಿಸಿ ಅನ್ನ ಬಿಸಿ ಸಾರು ಮುಂದಿರ್ಬೇಕು. ಬೆಳಗ್ಗೆ ಮಾಡಿಟ್ಟ ತಂಗ್ಳು ನಾನು ಉಣ್ಣಾಕಿಲ್ಲ. ಅದಾಗ್ದಿದ್ರೆ ಬಾಲವಾಡಿ ಬುಟ್ಬುಡು."

ಬಾಲವಾಡಿ ಮುಗಿಸಿ ಓಡಿಬಂದು ಒಲೆ ಹಚ್ಚಿದರೆ ಊಟ ತಡ. ನಾನು ಎಸರಿಟ್ಟು ಹೋಗಿ, ಅತ್ತೆ ಉರಿ ನೋಡಿಕೊಂಡರೆ, ಅನ್ನ ಬೆಂದ ಗಳಿಗೆಗೆ ಪಾತ್ರೆ ಎತ್ತಿ ಗಂಜಿ ಬಸಿಯುವವರಿಲ್ಲ. ಹಾಗೆ ಮಾಡಿದ ಮೊದಲ ದಿನವೇ ಅನ್ನ ಅಂಬಲಿಯಾಗಿ ಮಾವ ತಟ್ಟೆ ದೂಡಿ ಎದ್ದರು. "ಇನ್ನೊಂದ್ಸಲ ಹಿಂಗಾದ್ರೆ ಮನೇಲಿರು" ಎಂದು ಅಂದೇ ತೀರ್ಪಾಯಿತು.

ಆ ಸಂಜೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ನನ್ನ ಪಕ್ಕಕ್ಕೆ ಅತ್ತೆ ಬಂದು ಕೂತರು. "ಮ್ಯಾಲೆ ಪೆಟ್ಗೆ ಸುಮ್ನೆ ಬಿದ್ದದಲ್ಲಮ್ಮಾ" ಅಂದರು.

"ಮಾವ ಉಣ್ಣಲ್ವಲ್ಲ ಅತ್ತೆ."

"ಗೊತ್ತಾದ್ರೆ ತಾನೆ? ನಾನು ಈ ಹೊಸ್ತಿಲು ದಾಟಿದ್ದು ಕಟ್ಗೆಗೆ, ನೀರಿಗೆ. ನೀನಾದ್ರೂ ಬ್ಯಾರೆ ಕೆಲ್ಸಕ್ಕೆ ದಾಟು."

ಮರುದಿನದಿಂದ ಬಾಲವಾಡಿಗೆ ಹೋಗುವ ಮುಂಚೆ ಏಣಿ ಹತ್ತಿ ಡಬ್ಬಿಗಳನ್ನು ಇಟ್ಟು, ಹತ್ತು ಹನ್ನೊಂದರ ಬಿಸಿಲು ಎಲ್ಲಿಂದ ಬರುತ್ತದೋ ಆ ಕಡೆಗೆ ಕನ್ನಡಿ ತಿರುಗಿಸಿ ಹೋಗುತ್ತಿದ್ದೆ. ಬರುವಷ್ಟರಲ್ಲಿ ಅನ್ನ ಉದುರುದುರು, ಬೇಳೆ ಬೆಣ್ಣೆ. ಬೆಳಗ್ಗೆಯೇ ಒಲೆಯ ಮೇಲೆ ಹಾಕಿಟ್ಟಿದ್ದ ಒಗ್ಗರಣೆಯನ್ನು ಸಾರಿಗೆ ಕಲಸಿದರೆ ಮುಗಿಯಿತು. ಮಾವ ಎರಡು ಸಲ ಹಾಕಿಸಿಕೊಂಡು ಉಂಡರು. "ಇವತ್ತು ಅಡ್ಗೆ ಹದ ಕೂಡ್ಕಂಡದೆ" ಎಂದೂ ಅಂದರು.

ಆದರೆ ಎರಡನೆಯ ದಿನವೇ ಕಟ್ಟೆಯ ಮೇಲಿಂದ ಕೂಗು ಬಂತಂತೆ: "ಇಷ್ಟೊತ್ತಾದ್ರೂ ಹೊಗೆ ಕಾಣ್ನಿಲ್ವಲ್ಲಾ, ಒಲೆ ಹಚ್ಚಿಲ್ವೇನೇ?" ಮಾವ ಅಡುಗೆಮನೆಗೆ ಕಾಲಿಡುವವರಲ್ಲ. ಅವರಿಗೆ ಅಡುಗೆ ಎಂದರೆ ಬೆಳಕಿಂಡಿಯಿಂದ ಮೇಲೇಳುವ ಹೊಗೆ. ಅದು ಕಂಡರೆ ಮನೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದು ಅರ್ಥ. ಅತ್ತೆ ಗಾಬರಿಯಾಗಿ ಒಂದಿಷ್ಟು ತೊಗರಿ ಕಡ್ಡಿ ಮುರಿದು ಒಲೆಗೆ ತುರುಕಿ ಹಚ್ಚಿದರು. ಅಂದು ಹಚ್ಚಿದ್ದು ದಿನವೂ ಹಚ್ಚುವುದಾಯಿತು.

ನಾನು ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ ಹೊತ್ತಿಗೆ ಅತ್ತೆ ಖಾಲಿ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದರು. ಸುಮ್ಮನೆ ಸುಡುವುದಕ್ಕೆ ಒಳ್ಳೆ ಸೌದೆ ಯಾಕೆ ಎಂದು ಅವರೊಂದು ಉಪಾಯ ಕಂಡುಕೊಂಡಿದ್ದರು. ಸರಿಯಾಗಿ ಒಣಗದ ಬೆರಣಿ ಹಾಕಿದರೆ ಉರಿ ಕಡಿಮೆ, ಹೊಗೆ ಜಾಸ್ತಿ. ಒಂದು ಬೆರಣಿಯಲ್ಲೇ ಕೆಲಸ ಮುಗಿಯುತ್ತದೆ. ಆ ಮನೆಯಲ್ಲಿ ನಿಜವಾಗಿ ಇಂಧನ ಉಳಿಸಿದವರು ಅವರೊಬ್ಬರೇ, ಉಳಿಸಿದ್ದು ತಮ್ಮ ಕಣ್ಣು ಕೊಟ್ಟು. ನಾನು ಬರುವಾಗ ಕಣ್ಣು ಕೆಂಡವಾಗಿರುತ್ತಿತ್ತು, ಕೆಮ್ಮು ಹತ್ತಿಕ್ಕಲು ಸೆರಗು ಬಾಯಿಗೆ. "ಬ್ಯಾಡ ಅತ್ತೆ, ನಾನು ಬಾಲವಾಡಿ ಬುಟ್ಬುಡ್ತೀನಿ" ಎಂದರೆ ಗದರುತ್ತಿದ್ದರು: "ಅಷ್ಟು ವರ್ಷ ಅನ್ನ ಮಾಡಾಕೆ ಕುಡಿದ ಹೊಗೆ ಕಣಮ್ಮ ಇದು. ಈಗ ನಿನ್ ಕೆಲ್ಸಕ್ಕೆ ಕುಡೀತೀನಿ. ಹೋಗತ್ಲಾಗೆ."

ಇದನ್ನು ನೆನೆದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಬಿಸಿಲಿತ್ತು, ಪೆಟ್ಟಿಗೆಯಿತ್ತು, ಅನ್ನ ಬೇಯುತ್ತಿತ್ತು. ಆ ಹೊಗೆಯ ಅಗತ್ಯ ಇದ್ದದ್ದು ಕಟ್ಟೆಯ ಮೇಲೆ ಕೂತ ಒಬ್ಬ ಗಂಡಸಿನ ಸಮಾಧಾನಕ್ಕೆ ಮಾತ್ರ. ಹೊಸ ಇಂಧನ ಹುಡುಕುತ್ತೇವೆ ಎಂದು ದೇಶವೆಲ್ಲ ಓಡಾಡುವವರು ಒಂದು ಸಲ ಆ ಕಟ್ಟೆಯ ಮೇಲೆ ಹುಡುಕಿದ್ದರೆ ಚೆನ್ನಾಗಿತ್ತು.

ಹುಡುಕಿಕೊಂಡೇ ಬಂದರು, ಹುಡುಕಿದ್ದು ಮಾತ್ರ ಬೇರೆಯದನ್ನು. ಇಂಧನ ಉಳಿತಾಯದ ಸಭೆಗೆಂದು ಜಿಲ್ಲೆಯಿಂದ ಅಧಿಕಾರಿಗಳು ಬರುತ್ತಾರೆ, ಮಾದರಿ ಮನೆ ಎಂದು ನಮ್ಮ ಮನೆಯಲ್ಲೇ ಬಿಸಿಲಿನ ಅಡುಗೆ ಊಟ ಮಾಡುತ್ತಾರೆ ಎಂದು ಸುದ್ದಿ ಬಂತು. ಪೆಟ್ಟಿಗೆ ಮಾಳಿಗೆಯಿಂದ ಇಳಿಯಿತು. ಕನ್ನಡಿಗೆ ಕುಂಕುಮ ಬಿತ್ತು. "ಇವತ್ತೊಂದಿನ ಇದ್ರಾಗೇ ಮಾಡು. ಒಲೆ ಹಚ್ಚಬ್ಯಾಡ್ರಿ, ಸಾಹೇಬ್ರಿಗೆ ಹೊಗೆ ಕಂಡ್ರೆ ಮರ್ಯಾದೆ ಹೋಯ್ತದೆ" ಎಂದು ಮಾವ ಬೆಳಗ್ಗೆಯೇ ಅಪ್ಪಣೆ ಕೊಟ್ಟರು.

ಜೀಪು ಬಂದು ಬಾಗಿಲಲ್ಲಿ ನಿಂತಿತು. ಸೆಲ್ಫ್ ಕೆಟ್ಟಿದೆ, ನಿಲ್ಲಿಸಿದರೆ ಮತ್ತೆ ತಳ್ಳಬೇಕಾಗುತ್ತದೆ ಎಂದು ಡ್ರೈವರ್ ಇಂಜಿನ್ ಆರಿಸಲೇ ಇಲ್ಲ. ಹೊರಗೆ ಡೀಸೆಲ್ ಹೊಗೆ ಬುಸುಬುಸು ಎನ್ನುತ್ತಿರಲು, ಒಳಗೆ ಸಾಹೇಬರು ನನ್ನ ಕಡೆ ತಿರುಗಿ ತೆಲುಗಿನಲ್ಲಿ "ಇಂಧನಂ ಪೊದುಪು ಚೇಯಾಲಮ್ಮಾ" ಎಂದರು. ಉಳಿತಾಯ ಮಾಡಬೇಕಂತೆ ನಾನು! ಬಾಗಿಲ ಸಂದಿಯಲ್ಲಿ ನಿಂತಿದ್ದ ಅತ್ತೆಯ ಕಡೆ ಅವರು ನೋಡಲಿಲ್ಲ. ಎಲೆ ಹಾಕಿ ಬಡಿಸಿದೆ. ಮಾವನೂ ಅವರ ಪಂಕ್ತಿಯಲ್ಲೇ ಕೂತು ಉಣ್ಣಬೇಕಾಯಿತು. ಸಾಹೇಬರು ಬಹಳ ಚೆನ್ನಾಗಿದೆ ಎಂದಾಗ ಮಾವ ಎದೆಯುಬ್ಬಿಸಿ "ಮಾ ಇಂಟ್ಲೋ ರೋಜೂ ಇದೇ ಭೋಜನಂ ಸಾರ್" ಎಂದರು. ನಮ್ಮ ಮನೆಯಲ್ಲಿ ದಿನಾ ಇದೇ ಊಟ ಎಂದು. ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡು ಅವರು ನಿಜ ಹೇಳಿದ್ದರು. ಸಭೆಯಲ್ಲಿ ಅವರಿಗೆ ಶಾಲು ಹೊದಿಸಿದರು.

ಶಾಲು ಹೊದ್ದುಕೊಂಡೇ ಮನೆಗೆ ಬಂದ ಮಾವ ಅಂಗಳದಲ್ಲಿ ಬಾಯಿ ಮುಕ್ಕಳಿಸಿ ಉಗಿದರು. "ಥೂ, ಹಸಿ ವಾಸ್ನೆ. ಒಲೆ ಮ್ಯಾಲಿನ ರುಚಿ ಎಲ್ಲಿ, ಇದೆಲ್ಲಿ. ಹೋಗಮ್ಮ, ಒಂದ್ಹಿಡಿ ಅನ್ನ ಮಾಡು, ನೆಟ್ಗೆ ಉಣ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೊರಗೆ ಬಂದರು. ಅವರ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಹಸಿ ವಾಸ್ನೆನಾ? ವರ್ಷದಿಂದ ಮಧ್ಯಾಹ್ನ ನೀವು ಉಣ್ತಿರೋದು ಇದೇ ಅನ್ನ, ಇದೇ ಡಬ್ಬಿದು. ಒಲೆ ಮ್ಯಾಲೆ ಏನೂ ಇರ್ತಿರ್ನಿಲ್ಲ. ನಿಮ್ಗೆ ಹೊಗೆ ಕಾಣ್ಲಿ ಅಂತ ನಾನು ಕಣ್ಣು ಸುಟ್ಕಂಡು ಕೂತಿದ್ದೆ. ಇವತ್ತು ಹೊಗೆ ಇಲ್ದಿದ್ಕೆ ವಾಸ್ನೆ ಬಂತಾ?"

ಮಾವ ಶಾಲು ತೆಗೆದು ಗೂಟಕ್ಕೆ ಹಾಕಿ ಕಟ್ಟೆಗೆ ಹೋದರು. ಇನ್ನಾದರೂ ಮುಗಿಯಿತು, ನಾಚಿಕೆಯಾಯಿತಲ್ಲ ಎಂದುಕೊಂಡೆ. ಸಂಜೆ ಒಳಗೆ ಬಂದು ನಮ್ಮಿಬ್ಬರನ್ನೂ ಕರೆದರು.

"ಆಗಿದ್ದು ಆಗೋಯ್ತು. ಪೆಟ್ಗೆ ಅನ್ನಾನೇ ಉಣ್ತೀನಿ, ಬುಡಿ. ಹೊಗೆ ಮಾತ್ರ ನಿಲ್ಲುಸ್ಬ್ಯಾಡ್ರಿ. ಇವತ್ತೇನೋ ಜೀಪು ಬಂದಿತ್ತು, ಬೀದಿಗೆಲ್ಲ ಗೊತ್ತಿತ್ತು. ದಿನಾ ಒಲೆ ಹಚ್ದಿದ್ರೆ ಹೆಣ ಬಿದ್ದ ಮನೆ ಅಂದ್ಕಂತಾರೆ ಜನ. ಹೊಗೆ ಹಾಕೋದು ಆಗಾಕಿಲ್ಲ ಅಂದ್ರೆ ಬಾಲವಾಡಿ ಬುಟ್ಟು ಇವ್ಳೇ ಒಲೆ ಹಚ್ಲಿ."

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಅನ್ನ ತಂದುಕೊಡುತ್ತಾರೆ. ಅದು ನಮ್ಮೆಲ್ಲರ ಪದ್ಧತಿ. ಆದರೆ ಬದುಕಿರುವ ಹೆಂಡತಿಯ ಕಣ್ಣು ಹೋದರೂ ಪರವಾಗಿಲ್ಲ, ಸತ್ತ ಮನೆಯಂತೆ ಕಾಣಬಾರದು ಎನ್ನುವ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ. ಮೊದಲ ಸಲ ಮಾವನಿಗೆ ಎದುರು ಮಾತಾಡಿದೆ. "ಹಂಗಾದ್ರೆ ಮಾವ, ನಾಳೆಯಿಂದ ನೀವೇ ಕೂತು ಹೊಗೆ ಹಾಕಿ" ಅಂದೆ. ಗಂಡ ಮನೆಗೆ ಬಂದ ಮೇಲೆ ಪೆಟ್ಟಿಗೆಯನ್ನು ಮತ್ತೆ ಮಾಳಿಗೆಗೆ ಏರಿಸಿದರು. ನನ್ನ ಕೆಲಸ ಅಲ್ಲಿಗೆ ಹೋಯಿತು ಎಂದೇ ನಂಬಿ ಮಲಗಿದೆ.

ಬೆಳಗ್ಗೆ ಅತ್ತೆ ನನ್ನನ್ನು ದೂಡಿ ಕಳಿಸಿದರು. "ಡಬ್ಬಿ ಇಟ್ಟು ಹೋಗು. ಹೊಗೆ ವಿಷ್ಯ ನಾನು ನೋಡ್ಕಂತೀನಿ."

ಬಾಲವಾಡಿಯಲ್ಲಿ ನನಗೆ ಮನಸ್ಸೇ ನಿಲ್ಲಲಿಲ್ಲ. ಮಕ್ಕಳು ಹಾಡು ತಪ್ಪಿದರೂ ತಿದ್ದಲಿಲ್ಲ. ಮುಗಿಸಿ ಬೀದಿ ತಿರುಗಿದರೆ ನಮ್ಮ ಮಾಳಿಗೆಯ ಮೇಲೆ ಹೊಗೆ ಇಲ್ಲ. ಮನೆಯ ಮುಂದೆ ಜನ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದಿದ್ದಾರೆ, ಒಬ್ಬಾಕೆಯ ಕೈಯಲ್ಲಿ ಮುಚ್ಚಿದ ಅನ್ನದ ಪಾತ್ರೆಯೂ ಇದೆ. ಆ ಕೆಮ್ಮು, ಆ ಕಣ್ಣು ಎಲ್ಲ ಒಟ್ಟಿಗೆ ನೆನಪಾಗಿ, ಅತ್ತೇ ಎಂದು ಕೂಗುತ್ತಾ ಜನರ ನಡುವೆ ನುಗ್ಗಿದೆ.

ಅತ್ತೆ ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಮಾವ ಕೂರುವ ಜಾಗದಲ್ಲೇ, ಕಾಲು ಇಳಿಬಿಟ್ಟುಕೊಂಡು. ಆ ಹೊತ್ತಿನಲ್ಲಿ ಅವರನ್ನು ಅದುವರೆಗೆ ಹೊರಗೆ ಕಂಡವರು ಬೀದಿಯಲ್ಲಿ ಯಾರೂ ಇರಲಿಲ್ಲ. ಮಾವ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಅನ್ನ ತಂದ ಪಕ್ಕದ ಮನೆಯಾಕೆ ಮೆಲ್ಲಗೆ ಕೇಳುತ್ತಿದ್ದಳು, "ಹೊಗೆ ಕಾಣ್ನಿಲ್ಲ ಅಂತ ಓಡಿಬಂದ್ವಿ ಕಣಮ್ಮ. ಯಾರು ಹೋಗ್ಬುಟ್ರು?"

"ಯಾರೂ ಸತ್ತಿಲ್ಲ ಕಣಮ್ಮ" ಅಂದರು ಅತ್ತೆ, ಬೀದಿಗೆಲ್ಲ ಕೇಳುವಂತೆ. "ಒಲೆ ಮುಂದೆ ದಿನಾ ಸಾಯ್ತಿದ್ದೋಳು ಎದ್ದು ಬಂದಿದೀನಿ. ನಮ್ ಅನ್ನ ಮಾಳ್ಗೆ ಮ್ಯಾಲೆ ಬೇಯ್ತಾ ಅದೆ, ಹೋಗಿ ನೋಡ್ಕಂಡ್ ಬನ್ನಿ."

ಹೆಂಗಸರು ಒಬ್ಬೊಬ್ಬರಾಗಿ ಏಣಿಯ ಕಡೆ ನಡೆದರು. ಮಾವ ಒಳಗೆ ಹೋಗಿ, ತಮ್ಮ ತಟ್ಟೆ ತಾವೇ ತೆಗೆದು ಮುಂದಿಟ್ಟುಕೊಂಡು ಕೂತರು. ನಾನು ಡಬ್ಬಿ ಇಳಿಸಿ ತಂದು ಬಡಿಸಿದೆ. ಅನ್ನ ಬಿಸಿಯಾಗಿತ್ತು.